ಹಳೆಯ ಮೋಟರ್‌ಹೋಮ್: ಮೊದಲು ಏಣಿ ಹಾಕಿ, ಆಮೇಲೆ ಬಾನೆಟ್ ಎತ್ತಿ

ನಮ್ಮದು 1980ರ ದಶಕದ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಗಾಡಿ. ವ್ಯಾನ್ ಷಾಸಿಯ (ಚಕ್ರ, ಎಂಜಿನ್ ಹೊತ್ತ ಉಕ್ಕಿನ ಅಡಿಗಟ್ಟಿನ) ಮೇಲೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ಎರಡರ ನಡುವೆ ಥರ್ಮೋಕೋಲ್. ಕೊಂಡು, ಬಿಚ್ಚಿ, ಮತ್ತೆ ಕಟ್ಟಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ವರ್ಷಗಳಿಂದ ಓಡಿಸುತ್ತಿದ್ದೇವೆ. ಇಂಥದ್ದನ್ನು ಕೊಳ್ಳಬೇಕು ಅಂದುಕೊಂಡವರಿಗೆ ನನ್ನ ಮೊದಲ ಮಾತು: ಎಂಜಿನ್ ನೋಡಿ ಮರುಳಾಗಬೇಡಿ, ಛಾವಣಿ ನೋಡಿ.

ಆ ಕಾಲದ ಎಂಜಿನ್ ಸರಳ. ಕೆಟ್ಟರೆ ರಿಪೇರಿಗೆ ದಾರಿ ಸಿಗುತ್ತದೆ. ಆದರೆ ಛಾವಣಿಯ ಅಂಚು, ಗಾಳಿಕಿಂಡಿ, ಕಿಟಕಿಯ ಸುತ್ತ ನೀರು ತಡೆಯಲು ಹಾಕಿದ ಅಂಟು, ಅಂದರೆ ಸೀಲಂಟ್, ಒಣಗಿ ಬಿರುಕು ಬಿಟ್ಟರೆ ನೀರು ಒಳಕ್ಕೆ ತೊಟ್ಟಿಕ್ಕುವುದಿಲ್ಲ, ತಗಡಿನ ಹಿಂದೆಯೇ ಜಾರಿ ಮರ ಸೇರುತ್ತದೆ. ಕಣ್ಣಿಗೆ ಏನೂ ಕಾಣಿಸದೆ ಎಷ್ಟೋ ಕಾಲ ಹಾಗೇ ನಡೆದಿರುತ್ತದೆ. ನಮ್ಮ ಗಾಡಿಯಲ್ಲಿ ಮಕ್ಕಳು ಮಲಗುವ ಮೇಲಿನ ಹಾಸಿಗೆಯ ಪಕ್ಕದ ಗೋಡೆಯ ಮೂಲೆ ನೋಡಲು ನೀಟಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಯಿತು. ತಗಡಿನ ಜೋಡಣೆ ಮುಚ್ಚುವ ಹೊರಗಿನ ಪಟ್ಟಿ ತೆಗೆಯಲು ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ತುಕ್ಕು ಹಿಡಿದ ಸ್ಕ್ರೂಗಳು ಬೆರಳಿಗೇ ಬಂದವು. ಅದರ ಹಿಂದಿನ ರೀಪು ನೆನೆದ ಬಿಸ್ಕತ್ತಿನಂತೆ ಉದುರಿತು. ಒಂದು ಮೂಲೆ ಎಂದು ಶುರುವಾದ ಕೆಲಸ ಆ ಬದಿಯ ಇಡೀ ಗೋಡೆಗೆ ಹಬ್ಬಿತು. ಆದ್ದರಿಂದ ನೋಡಲು ಹೋಗುವಾಗ ತೇವ ಅಳೆಯುವ ಮೀಟರ್ ಒಯ್ಯಿರಿ. ಮರದಲ್ಲಿ ತೇವ ಶೇ. 20 ದಾಟಿದ್ದರೆ ಕೊಳೆಯುವುದಕ್ಕೆ ಅಷ್ಟು ಸಾಕು. ಹೊಸ ಒಳಾಂಗಣ, ಹೊಸ ಬಣ್ಣ ಇದ್ದರೆ ಇನ್ನೂ ಎಚ್ಚರವಾಗಿ ಒತ್ತಿ ನೋಡಿ. ಹಿಂದಿನವರು ಬಿರುಕಿಗೆ ಸಿಲಿಕೋನ್ ಬಳಿದಿದ್ದರೆ ಪೂರ್ತಿ ಕೆರೆದು ತೆಗೆಯಬೇಕು, ಅದರ ಮೇಲೆ ಬೇರೆ ಯಾವ ಸೀಲಂಟೂ ಸರಿಯಾಗಿ ಅಂಟುವುದಿಲ್ಲ. ನಾವು ಪಟ್ಟಿಗಳ ಕೆಳಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಹಾಕಿದೆವು. ಅದು ಮೆತ್ತಗೇ ಉಳಿಯುತ್ತದೆ, ಗಾಡಿ ಅಲುಗಾಡಿದರೂ ಬಿಡುವುದಿಲ್ಲ. ಇಲ್ಲಿಯವರೆಗೆ ಹನಿ ನೀರು ಬಂದಿಲ್ಲ.

ಮಕ್ಕಳಿರುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಳೆಯ ಗಾಡಿಗಳಲ್ಲಿ ಮಲಗಲು ಐದಾರು ಜನಕ್ಕೆ ಜಾಗ ಇರುತ್ತದೆ, ಬೆಲ್ಟ್ ಮಾತ್ರ ಮುಂದಿನ ಸೀಟುಗಳಿಗೆ. ಪಕ್ಕಕ್ಕೆ ಮುಖ ಮಾಡಿದ ಸೋಫಾದಲ್ಲಿ ಮಗುವನ್ನು ಕೂರಿಸಿ ಗಾಡಿ ಓಡಿಸುವುದು ನನ್ನ ಮಟ್ಟಿಗೆ ಒಪ್ಪುವ ಮಾತೇ ಅಲ್ಲ. ಬೆಲ್ಟನ್ನು ಸೀಟಿನ ಕೆಳಗಿನ ಪ್ಲೈವುಡ್ ಪೆಟ್ಟಿಗೆಗೆ ಬೋಲ್ಟ್ ಮಾಡಿದರೆ ಡಿಕ್ಕಿಯಲ್ಲಿ ಪೆಟ್ಟಿಗೆಯೇ ಕಿತ್ತು ಬರುತ್ತದೆ. ಷಾಸಿಗೆ ಬಿಗಿದ ಉಕ್ಕಿನ ಚೌಕಟ್ಟು, ಮುಂದಕ್ಕೆ ಮುಖ ಮಾಡಿದ ಸೀಟು, ಸೊಂಟ, ಭುಜ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟ್, ಇಷ್ಟೂ ಬೇಕು. ಈ ಒಂದು ಕೆಲಸವನ್ನು ನಾವು ಸ್ವಂತ ಕೈಯಿಂದ ಮಾಡದೆ, ಬಲ್ಲವರಿಂದ ಮಾಡಿಸಿ, ಪರೀಕ್ಷೆಯನ್ನೂ ಮಾಡಿಸಿದೆವು.

ತೂಕದ ವಿಷಯವೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. 80 ಲೀಟರ್ ನೀರು ಎಂದರೆ 80 ಕಿಲೋ. ಅದರ ಮೇಲೆ ದಪ್ಪ ಪ್ಲೈವುಡ್‌ನ ಹೊಸ ಕಪಾಟು, ಸೈಕಲ್‌ಗಳು, ನಾಲ್ಕು ಜನ. ಎಲ್ಲವನ್ನೂ ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ, ಮುಂದಿನ ಹಿಂದಿನ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ, ಗಾಡಿ ಹೊರಬಲ್ಲ ಮಿತಿಯೊಳಗಿದೆಯೇ ನೋಡಿ. ಹಿಂಬದಿಗೆ ಸೈಕಲ್ ನೇತುಹಾಕಿದರೆ ಹಿಂದಿನ ಆಕ್ಸಲ್‌ಗೆ ಭಾರ ಕೂಡುವುದಷ್ಟೇ ಅಲ್ಲ, ಮುಂದಿನ ಚಕ್ರಗಳು ಹಗುರಾಗುತ್ತವೆ. ಟೈರಿನ ತುಳಿಭಾಗ ಸವೆಯದಿದ್ದರೂ ವಯಸ್ಸಾಗಿರುತ್ತದೆ. ಪಕ್ಕದಲ್ಲಿ 3519 ಅಂತಿದ್ದರೆ 2019ರ 35ನೇ ವಾರ ತಯಾರಾದದ್ದು.

ಗ್ಯಾಸ್‌ನಲ್ಲೂ ಕರೆಂಟಿನಲ್ಲೂ ನಡೆಯುವ ಹಳೆಯ ಫ್ರಿಡ್ಜನ್ನು ಉಳಿಸಿಕೊಂಡಿದ್ದೇವೆ. ಕಂಪ್ರೆಸರ್ ಇಲ್ಲ, ಸದ್ದಿಲ್ಲ. ಆದರೆ ಗಾಡಿ ವಾಲಿ ನಿಂತರೆ ತಣ್ಣಗಾಗುವುದಿಲ್ಲ, ಹಾಗಾಗಿ ನಿಲ್ಲಿಸಿದ ಕೂಡಲೇ ಮಟ್ಟ ನೋಡುವುದು ಮಗಳ ಕೆಲಸ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಅದು ಹೊರಹೋಗಲೆಂದೇ ಇರುವ ನೆಲದ ಕಿಂಡಿಯಿಂದ ಚಳಿಗಾಳಿ ಬರುತ್ತದೆಂದು ಆ ಕಿಂಡಿಯನ್ನು ಮುಚ್ಚಿಬಿಡುವವರಿದ್ದಾರೆ, ಖಂಡಿತ ಮುಚ್ಚಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ನ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಲಿಥಿಯಂ ಬ್ಯಾಟರಿ ಹಾಕುವುದಾದರೆ ಆಲ್ಟರ್ನೇಟರ್‌ಗೂ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರ) ಅದಕ್ಕೂ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲಿ. ಇಲ್ಲದಿದ್ದರೆ ಬ್ಯಾಟರಿ ಎಳೆಯುವ ಕರೆಂಟಿಗೆ ಹಳೆಯ ಆಲ್ಟರ್ನೇಟರ್ ಕಾದು ಹಾಳಾಗಬಹುದು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಏರಿನಲ್ಲಿ ನಿಧಾನ, ಗಾಳಿ ಬೀಸಿದರೆ ಸ್ಟೀರಿಂಗ್ ಗಟ್ಟಿ ಹಿಡಿಯಬೇಕು. ಆದರೂ ಮಕ್ಕಳಿಗೆ ದಾರಿಯಲ್ಲಿ ತಮ್ಮದೇ ಮೇಜು, ತಮ್ಮದೇ ಹಾಸಿಗೆ, ಬೇಕಾದಲ್ಲಿ ನಿಂತು ಬಿಸಿ ಊಟ. ಪ್ರವಾಸದಲ್ಲಿ ನಮ್ಮ ಮನೆಯ ಆತುರವೆಲ್ಲ ಇಳಿದುಹೋಗಿದೆ, ಅದಕ್ಕಾಗಿಯೇ ಈ ಗಾಡಿಯನ್ನು ಮಾರುವ ಯೋಚನೆ ಬಂದಿಲ್ಲ.

ಮಳೆ ಬೀಳದ ಜಾಗದಲ್ಲಿ ನಿಲ್ಲಿಸಲು, ವರ್ಷಕ್ಕೊಮ್ಮೆ ಛಾವಣಿ ಹತ್ತಿ ಪ್ರತಿ ಜೋಡಣೆ ಪರೀಕ್ಷಿಸಲು ಆಗುವವರಿಗೆ ಮರದ ಚೌಕಟ್ಟಿನ ಗಾಡಿ ಸರಿ. ಆಗದವರು ಒಂದೇ ಅಚ್ಚಿನಲ್ಲಿ ಎರಕವಾದ ಫೈಬರ್‌ಗ್ಲಾಸ್ ಛಾವಣಿಯದ್ದನ್ನು ಹುಡುಕಿ. ಕಾಯಬೇಕಾದರೂ ಕಾಯಿರಿ. ಅದರಲ್ಲಿ ಕಿಟಕಿ, ಕಿಂಡಿಗಳ ಸುತ್ತ ನೋಡಿಕೊಂಡರೆ ಹೆಚ್ಚುಕಡಿಮೆ ಸಾಕು.