ಮೂರು ಮಳೆಗಾಲ ಕಂಡ ಹೂವಿನ ಕಾರ್ಡ್ ಕಿಟ್

ಹೂವಿನ ಶುಭಾಶಯ ಕಾರ್ಡ್ ಮಾಡುವ ಈ ಕಿಟ್ ತರಿಸಿದ್ದು 2022ರ ನವೆಂಬರ್‌ನಲ್ಲಿ. ಕೈಗೆ ಬಂದ ವಾರದಲ್ಲೇ ಐದು ಸ್ಟಾರ್ ಒತ್ತಿಬಿಟ್ಟಿದ್ದೆ. ನಮ್ಮ ತೀರ್ಥಹಳ್ಳಿ ಕಡೆ ನವೆಂಬರ್‌ನಲ್ಲಿ ಯಾವ ಸಾಮಾನಾದರೂ ಚೆನ್ನಾಗಿಯೇ ಕಾಣುತ್ತದೆ. ಮಳೆ ಬಿಟ್ಟಿರುತ್ತದೆ, ಬಿಸಿಲು ಹದವಾಗಿರುತ್ತದೆ, ಹಚ್ಚಿದ ಬಣ್ಣ ಹತ್ತು ನಿಮಿಷಕ್ಕೆ ಒಣಗುತ್ತದೆ. ಅದರ ಹಣೆಬರಹ ಗೊತ್ತಾಗುವುದು ಆರಿದ್ರಾ ಮಳೆ ಹಿಡಿದ ಮೇಲೆ. ಈಗ ಮೂರು ಮಳೆಗಾಲ ಕಳೆದಿವೆ, 130ಕ್ಕೂ ಹೆಚ್ಚು ಕಾರ್ಡ್ ಮಾಡಿದ್ದೇನೆ. ಹಾಗಾಗಿ ಹಳೆಯ ವಿಮರ್ಶೆ ಅಳಿಸಿ ಇದನ್ನು ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಇದ್ದದ್ದು ಇಷ್ಟು. ಅಂಗೈಗಿಂತ ಸ್ವಲ್ಪ ದೊಡ್ಡದಾದ 12 ಸ್ಟೆನ್ಸಿಲ್ (ಹೂವಿನ ಆಕಾರ ಕೊರೆದ ಪ್ಲಾಸ್ಟಿಕ್ ಹಾಳೆ), ಐದು ಇಂಕ್ ಪ್ಯಾಡ್, 12 ಬಿಲ್ಲೆಗಳ ವಾಟರ್ ಕಲರ್ ಪೆಟ್ಟಿಗೆ, ತುದಿಗೆ ಸ್ಪಂಜು ಕಟ್ಟಿದ ನಾಲ್ಕು ಕಡ್ಡಿ, ಒಂದು ಬ್ರಶ್, ಮಡಚಿದ 20 ಕಾರ್ಡ್, ಅಷ್ಟೇ ಕವರ್. ಎಲ್ಲ ಸೇರಿ 1,250 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಇಂಥದ್ದೇ ಕಿಟ್ ಐದಾರು ಹೆಸರಿನಲ್ಲಿ ಸಿಗುತ್ತದೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ.

ಸ್ಟೆನ್ಸಿಲ್ ಇಟ್ಟು ಬಣ್ಣ ಹಚ್ಚುವುದೂ ಒಂದು ಕಲೆಯಾ ಅಂತ ಕೇಳುವವರಿದ್ದಾರೆ. ನಮ್ಮ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಕೆಮ್ಮಣ್ಣು, ಗುರಿಗೆ ಕಾಯಿಯ ಹಳದಿ. ಸ್ಕೇಲ್ ಇಲ್ಲ, ಅಚ್ಚು ಇಲ್ಲ, ಗೆರೆ ಮಾತ್ರ ದಾರ ಎಳೆದ ಹಾಗೆ. ಆ ಕೈ ನನಗಿಲ್ಲ. ಅಂಗಳದಲ್ಲಿ ರಂಗೋಲಿ ಹಾಕುವಾಗಲೇ ಅಚ್ಚಿನ ತಟ್ಟೆ ಹುಡುಕುವವಳು ನಾನು. ನನ್ನಂಥವರಿಗೇ ಸ್ಟೆನ್ಸಿಲ್ ಇರುವುದು ಅಲ್ವಾ?

ಮೊದಲ ಹತ್ತು ಕಾರ್ಡ್ ಹಾಳಾದದ್ದು ನನ್ನ ದಡ್ಡತನದಿಂದ, ಸ್ವಲ್ಪ ಕಿಟ್‌ನ ತಪ್ಪಿನಿಂದ. ಜೊತೆಗಿದ್ದ ಚೀಟಿಯಲ್ಲಿ ‘ಸ್ಟೆನ್ಸಿಲ್ ಇಟ್ಟು ಬಣ್ಣ ಹಚ್ಚಿ’ ಅಂತ ಒಂದೇ ಸಾಲು. ನಾನು ವಾಟರ್ ಕಲರ್ ಕಲಸಿ ಸ್ಟೆನ್ಸಿಲ್ ಮೇಲೆ ನೇರವಾಗಿ ಹಚ್ಚಿದೆ. ನೀರು ಸುಮ್ನೆ ಇರುತ್ತದೆಯೇ? ಹಾಳೆಯ ಅಡಿಗೆ ನುಸುಳಿ ಗುಲಾಬಿ ಹೋಗಿ ಬೀಟ್‌ರೂಟ್ ಪಲ್ಯ ಆಯಿತು. ಅತ್ತೆ ನೋಡಿ, “ಇದೆಂತದೇ ಮಾರಾಯ್ತಿ, ಹೂವಾ ಗಾಯವಾ?” ಅಂದರು.

ಆಮೇಲೆ ಹದ ಸಿಕ್ಕಿತು. ಸ್ಟೆನ್ಸಿಲ್‌ಗೆ ನೀರು ಸೇರಿದ ಬಣ್ಣ ಬೇಡ, ಇಂಕ್ ಬೇಕು. ಅದೂ ಅತಿ ಕಡಿಮೆ. ಸ್ಪಂಜನ್ನು ಪ್ಯಾಡಿಗೆ ಮುಟ್ಟಿಸಿ, ಮೊದಲು ರದ್ದಿ ಕಾಗದದ ಮೇಲೆ ಎರಡು ಸುತ್ತು ತಿರುಗಿಸಬೇಕು. ಆಮೇಲೆ ಸ್ಟೆನ್ಸಿಲ್‌ನ ಅಂಚಿನ ಪ್ಲಾಸ್ಟಿಕ್ ಮೇಲೆ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ತೂತಿನ ಒಳಗೆ ಬರಬೇಕು. ಒತ್ತಬಾರದು, ನೇವರಿಸಬೇಕು. ಒಂದೇ ಸಲ ಗಾಢ ಬಣ್ಣ ಬರಲಿ ಅಂತ ಆಸೆಪಟ್ಟರೆ ಕೆಟ್ಟಿತು. ನಾಲ್ಕು ತೆಳು ಸುತ್ತು ಹಾಕಿದರೆ ಎಸಳಿನ ಅಂಚು ಗಾಢ, ನಡುಭಾಗ ತಿಳಿ ಆಗಿ ಬರುತ್ತದೆ. ಸ್ಟೆನ್ಸಿಲ್ ಎತ್ತಿದ ಮೇಲೆ ನೀರಿನ ಬ್ರಶ್ ತೆಗೆದುಕೊಂಡು ಎಸಳಿನ ಒಳಗಡೆ ಮಾತ್ರ ಎಳೆಯಿರಿ. ಬಣ್ಣದ ಪ್ಯಾಡ್ಗಳಲ್ಲಿ ಇರುವುದು ಡೈ ಇಂಕ್, ನೀರು ಕಂಡರೆ ಕರಗುತ್ತದೆ. ಆ ದೋಷವೇ ಇಲ್ಲಿ ಗುಣ. ಅಂಚಿನ ಬಣ್ಣ ತಾನಾಗಿ ಒಳಗೆ ಇಳಿದು, ಕೈಯಲ್ಲಿ ಬರೆದ ವಾಟರ್ ಕಲರ್ ಹಾಗೇ ಕಾಣುತ್ತದೆ.

ಕಪ್ಪು ಪ್ಯಾಡ್ ಮಾತ್ರ ಬೇರೆ ಜಾತಿಯದು, ಪಿಗ್ಮೆಂಟ್ ಇಂಕ್. ಅದು ಕಾಗದದ ಮೇಲೆಯೇ ಕೂರುತ್ತದೆ, ನಿಧಾನವಾಗಿ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ ಈ ಪ್ಯಾಡಿನ ಬಣ್ಣ ನೀರಿಗೆ ಅಲ್ಲಾಡುವುದಿಲ್ಲ. ದಂಟು, ಎಲೆಯ ನರ ಎಲ್ಲ ಅದರಲ್ಲೇ ಮಾಡಿ, ಒಂದು ರಾತ್ರಿ ಬಿಟ್ಟು, ಮೇಲೆ ಬಣ್ಣ ತುಂಬುತ್ತೇನೆ. ಇಡೀ ಡಬ್ಬಿಯಲ್ಲಿ ನನಗೆ ಅತಿ ಇಷ್ಟವಾದದ್ದು ಈ ಕಪ್ಪು ಪ್ಯಾಡೇ.

ಇನ್ನು ಮಳೆಗಾಲದ ಕಥೆ. ಆಗುಂಬೆ ನಮ್ಮದೇ ತಾಲ್ಲೂಕು. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಮ್ಮ ಊರಲ್ಲಿ ಅಷ್ಟಿಲ್ಲ, ಆದರೂ ಜುಲೈನಲ್ಲಿ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆ. ಈ ಕಿಟ್ ಮಾಡಿದವರು ಅಂಥ ಊರನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ಮೊದಲು ಸತ್ತದ್ದು ಬಿಲ್ಲೆ ಬಣ್ಣ. ವಾಟರ್ ಕಲರ್‌ನಲ್ಲಿ ಅಂಟು ಇರುತ್ತದೆ. ಬಿರುಕು ಬಿಡದಿರಲಿ ಅಂತ ಜೇನುತುಪ್ಪವನ್ನೋ ಗ್ಲಿಸರಿನ್ ಅನ್ನೋ ಸೇರಿಸುವುದೂ ಇದೆ. ಅಂಟು, ಸಿಹಿ, ತೇವ ಮೂರೂ ಒಂದೇ ಕಡೆ ಸಿಕ್ಕರೆ ಬೂಷ್ಟಿಗೆ ಅದೇ ಹಬ್ಬದೂಟ. ಒಂದು ದಿನ ಒದ್ದೆ ಇರುವಾಗಲೇ ಮುಚ್ಚಳ ಹಾಕಿಟ್ಟಿದ್ದೆ, ನಾಲ್ಕನೇ ದಿನ ತೆಗೆದರೆ ಹಸಿರು ಬಿಲ್ಲೆ ಮೇಲೆ ಬಿಳಿ ಹತ್ತಿ. ಕೆರೆದು ತೆಗೆದು ಬಳಸಿದೆ, ವಾಸನೆ ಹೋಗಲಿಲ್ಲ. ಈಗ ಬಿಲ್ಲೆ ಬಿಟ್ಟು ಟ್ಯೂಬಿಗೆ ಬಂದಿದ್ದೇನೆ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಕ್ಯಾಮಲ್ ಟ್ಯೂಬ್ ತರುತ್ತೇನೆ. ಕಡಲೆಕಾಳಿನಷ್ಟು ಹಿಂಡಿಕೊಂಡರೆ ಆ ದಿನಕ್ಕೆ ಸಾಕು. ಉಳಿದದ್ದು ಟ್ಯೂಬಿನಲ್ಲೇ ಭದ್ರ.

ಇಂಕ್ ಪ್ಯಾಡಿನದು ತದ್ವಿರುದ್ಧ. ಮಳೆಗಾಲದಲ್ಲಿ ಅವು ಗಟ್ಟಿಮುಟ್ಟು, ಸತ್ತದ್ದು ಮಾರ್ಚ್‌ನಲ್ಲಿ. ಹಳದಿ ಪ್ಯಾಡ್ ಒಣಗಿ ರಟ್ಟಾಯಿತು. ಮತ್ತೆ ತುಂಬುವ ಇಂಕ್ ಬಾಟಲಿ ಬೇಕು ಅಂತ ಕಂಪನಿಗೆ ಬರೆದೆ, ಬಿಡಿಯಾಗಿ ಮಾರುವುದಿಲ್ಲ ಅಂದರು. ಯಾರೋ ಗ್ಲಿಸರಿನ್ ಹಾಕಿ ಅಂದರು. ಮೆಡಿಕಲ್‌ನಿಂದ ತಂದು ಧಾರಾಳವಾಗಿ ಹತ್ತು ಹನಿ ಬಿಟ್ಟೆ. ಪ್ಯಾಡ್ ಎದ್ದು ಕೂತಿತು ನಿಜ. ಆದರೆ ಗ್ಲಿಸರಿನ್ ಗಾಳಿಯ ತೇವವನ್ನೇ ಎಳೆದುಕೊಳ್ಳುವ ಪದಾರ್ಥ. ಜೂನ್‌ನಲ್ಲಿ ಆ ಪ್ಯಾಡಿನಿಂದ ಮಾಡಿದ ಸೇವಂತಿಗೆ ದೊಡ್ಡಹಬ್ಬದವರೆಗೂ (ದೀಪಾವಳಿ) ಅಂಟಂಟಾಗಿಯೇ ಇತ್ತು. ಮೇಲೆ ಕೂತ ಒಂದು ಇರುವೆಯೂ ಆ ಕಾರ್ಡಿನ ಭಾಗವಾಗಿದೆ. ಮಾಡುವುದಿದ್ದರೆ ನಾಲ್ಕು ಹನಿ ನೀರಿಗೆ ಒಂದು ಹನಿ, ಅಷ್ಟೇ. ಪ್ಯಾಡನ್ನು ತಲೆಕೆಳಗಾಗಿ ಇಟ್ಟರೆ ಇಂಕ್ ಮೇಲ್ಮೈಗೆ ಇಳಿದಿರುತ್ತದೆ. ಇದನ್ನು ಮೊದಲೇ ಮಾಡಿದ್ದರೆ ಗ್ಲಿಸರಿನ್ ಗೋಳೇ ಇರುತ್ತಿರಲಿಲ್ಲವೇನೋ.

ನಿಜವಾದ ದುಃಖ ಕಾಗದದ್ದು. ಕಿಟ್‌ನ ಕಾರ್ಡ್ ತೆಳು, ನೀರು ಬಿದ್ದರೆ ಹಪ್ಪಳದ ಹಾಗೆ ಏಳುತ್ತದೆ. ಅದು ಮುಗಿದ ಮೇಲೆ ಒಳ್ಳೆಯದೇ ಇರಲಿ ಅಂತ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕೋಲ್ಡ್ ಪ್ರೆಸ್, ಅಂದರೆ ಮೇಲ್ಮೈ ತುಸು ತರಿಯಾಗಿರುವ ಹಾಳೆ ತಂದೆ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಹಾಳೆ ನೋಡಲು ಬೆಳ್ಳಗೆ ಚೆನ್ನಾಗಿಯೇ ಇದೆ, ನೀರು ಹಚ್ಚಿದ ಕೂಡಲೇ ಅಲ್ಲಲ್ಲಿ ಕಪ್ಪು ಚುಕ್ಕೆ! ಬಣ್ಣ ಆ ಜಾಗದಲ್ಲಿ ಒತ್ತುಕಾಗದಕ್ಕೆ ಬಿದ್ದಂತೆ ಇಂಗಿಬಿಡುತ್ತದೆ. ನೀರನ್ನು ಕೂಡಲೇ ಹೀರದಿರಲಿ ಅಂತ ಈ ಹಾಳೆಗೆ ಜೆಲಟಿನ್‌ನಂಥ ಒಂದು ಲೇಪ ಕೊಟ್ಟಿರುತ್ತಾರೆ. ತೇವಕ್ಕೆ ಆ ಲೇಪವೇ ಹಾಳಾಗುತ್ತದೆ, ಬೂಷ್ಟು ಅದನ್ನು ತಿನ್ನುತ್ತದೆ. ಹತ್ತು ಹಾಳೆ ಹೋಯಿತು. ಎರಡು ದಿನ ಬಣ್ಣ ಮುಟ್ಟಲಿಲ್ಲ.

ಹಿಂದೆ ನಮ್ಮ ಮನೆಗಳಲ್ಲಿ ಬೀರುವಿನೊಳಗೆ 40 ವ್ಯಾಟಿನ ಬಲ್ಬ್ ಉರಿಸಿ ರೇಷ್ಮೆ ಸೀರೆ ಕಾಯುತ್ತಿದ್ದರು. ನಾನೂ ಒಂದು ಬಲ್ಬ್ ಹಾಕಿ ನೋಡಿದೆ. ಎಲ್‌ಇಡಿಯಲ್ಲಿ ಬಿಸಿಯೇ ಇಲ್ಲ, ಬೆಳಕು ಮಾತ್ರ! ಈಗ ಹಾಳೆಗಳು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿವೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣವನ್ನು ತಿಂಗಳಿಗೊಮ್ಮೆ ಬಚ್ಚಲೊಲೆ ಹತ್ತಿರ ಬೆಚ್ಚಗೆ ಮಾಡಿ ವಾಪಸ್ ಇಡುತ್ತೇನೆ. ಮತ್ತೆ, ಮೇ ತಿಂಗಳಲ್ಲಿ ಐದೇ ಹಾಳೆ ತರುತ್ತೇನೆ, ಜಾಸ್ತಿ ಇಲ್ಲ.

ಹೇಳಲೇಬೇಕಾದ ಒಳ್ಳೆಯ ಮಾತು ಸ್ಟೆನ್ಸಿಲ್ ಬಗ್ಗೆ. 12ರಲ್ಲಿ 11 ಇವತ್ತಿಗೂ ಹೊಸತರ ಹಾಗಿವೆ. ಪಾಲಿಯೆಸ್ಟರ್ ಹಾಳೆ, ನೀರಿಗೂ ಬೂಷ್ಟಿಗೂ ಜಗ್ಗುವುದಿಲ್ಲ. ತೊಳೆಯುವಾಗ ಸ್ಟೀಲ್ ತಟ್ಟೆ ಮೇಲೆ ಮಲಗಿಸಿ ಸೋಪು ನೀರು ಹಾಕಿದರೆ ಸಾಕು. ನಿಲ್ಲಿಸಿ ಉಜ್ಜಿದರೆ ತೂತುಗಳ ನಡುವಿನ ಸಣ್ಣ ಕೊಂಡಿಗಳು ಮಡಚುತ್ತವೆ. ಟೇಪಿನ ಅಂಟು ಉಳಿದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಹನ್ನೆರಡನೆಯದು ಸತ್ತದ್ದು ನನ್ನ ಕೈಯಲ್ಲೇ. ಬೇಗ ಒಣಗಲಿ ಅಂತ ಕುದಿಯುವ ಹಂಡೆಯ ಮುಚ್ಚಳದ ಮೇಲೆ ಇಟ್ಟೆ. ಸುರುಟಿ ಅರಿಶಿನದ ಎಲೆ ಕಡುಬಿನ ಹಾಗಾಯಿತು.

ಆದರೆ ಹೂಗಳು ನಮ್ಮವಲ್ಲ. ಪಾಪ್ಪಿ, ಟ್ಯೂಲಿಪ್, ಡೇಸಿ. ಕಾರ್ಡ್ ನೋಡಿದ ತಂಗಿ, “ಇದ್ಯಾವ ಹೂವು ಅಕ್ಕಾ, ನಮ್ಮ ಡೇರೆ ಎಲ್ಲಿ?” ಅಂತ ಕೇಳಿದಳು. ಡೇರೆ ಅಂದರೆ ಡೇಲಿಯಾ ಹೂವು. ಕೇಳಿದ್ದು ಸರಿಯೇ. ಆಗಸ್ಟ್‌ನಲ್ಲಿ ಮಲೆನಾಡಿನ ಯಾವ ಮನೆ ಮುಂದೆ ಹೋದರೂ ಮಳೆಗೆ ತಲೆ ಬಾಗಿಸಿದ ಡೇರೆ ಇರುತ್ತದೆ, ಗಡ್ಡೆ ವಿನಿಮಯ ಮಾಡಿಕೊಳ್ಳದ ನೆಂಟರೇ ಇಲ್ಲ. ಸೀತಾಳೆ ದಂಡೆ ಇದೆ, ಸುರಗಿ ಇದೆ, ಬೇಲಿ ಮೇಲೆ ಬೆಂಕಿ ಹಚ್ಚಿದ ಹಾಗೆ ಅರಳುವ ಗೌರಿ ಹೂವಿದೆ. ಅವುಗಳ ಸ್ಟೆನ್ಸಿಲ್ ನನಗೆ ಎಲ್ಲೂ ಸಿಗಲಿಲ್ಲ.

ಹಾಗಾಗಿ ನಾನೇ ಕೊರೆಯಲು ಶುರು ಮಾಡಿದೆ, ಹಳೆ ಎಕ್ಸ್‌-ರೇ ಫಿಲ್ಮಿನಲ್ಲಿ. ಅದೂ ಪಾಲಿಯೆಸ್ಟರೇ, ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅಂಗಳದ ಪಾಚಿಗೆ ತಂದ ಬ್ಲೀಚಿಂಗ್ ಪುಡಿ ಮನೆಯಲ್ಲಿ ಇತ್ತು. ಕೈಗವಸು ಹಾಕಿ, ಹೊರಗೆ ಬಕೆಟಿನಲ್ಲಿ ಆ ನೀರಿಗೆ ಅರ್ಧ ಗಂಟೆ ಹಾಕಿಟ್ಟೆ. ಉಜ್ಜಿದರೆ ಕಪ್ಪು ಪೂರ್ತಿ ಬಿಟ್ಟು ತಿಳಿ ನೀಲಿ ಹಾಳೆ ಉಳಿಯಿತು. ಆ ಕಪ್ಪಿನಲ್ಲಿ ಇರುವುದು ಬೆಳ್ಳಿ ಅಂತ ಹೇಳಿದ್ದೇ ತಪ್ಪಾಯಿತು, ಬೆಳ್ಳಿ ತೊಳೆದು ಚೆಲ್ಲಿದ ಸೊಸೆ ಅಂತ ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಹಳೆ ಕಾಲದ ಫಿಲ್ಮೇ ಆಗಬೇಕು, ಈಗಿನ ಪ್ರಿಂಟ್ ಹೀಗೆ ಬಿಡುವುದಿಲ್ಲ.

ಡೇರೆ ಕೊರೆಯಲು ಮೂರು ಸಂಜೆ ಹಿಡಿಯಿತು. ಎಸಳಿನ ಮೇಲೆ ಎಸಳು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೊರೆದರೆ ನಡುವೆ ಹಿಡಿದುಕೊಳ್ಳಲು ಏನೂ ಉಳಿಯದೆ ಕಳಚಿ ಬೀಳುತ್ತದೆ. ಎರಡು ಹಾಳೆ ಮಾಡಿದೆ. ಒಂದರಲ್ಲಿ ಹೊರಗಿನ ಸುತ್ತು, ಇನ್ನೊಂದರಲ್ಲಿ ಒಳಗಿನದು. ಎರಡಕ್ಕೂ ಒಂದೇ ಜಾಗದಲ್ಲಿ, ಮೂಲೆಗೆ ಸೂಜಿಯ ತೂತು. ಪೆನ್ಸಿಲ್ ಚುಕ್ಕೆಗೆ ಆ ತೂತು ಕೂರಿಸಿದರೆ ಹೂವು ಪಕ್ಕಾ ಕೂಡುತ್ತದೆ. ಸ್ಪಂಜು ಕಡ್ಡಿಗಳು ಆರೇ ತಿಂಗಳಿಗೆ ಉದುರಿದ್ದವು. ಫ್ಯಾನ್ಸಿ ಸ್ಟೋರಿನ ಗುಂಡು ಮೇಕಪ್ ಬ್ರಶ್ ಅದಕ್ಕಿಂತ ನೂರು ಪಾಲು ವಾಸಿ, ಗೆರೆ ಬೀಳುವುದೇ ಇಲ್ಲ.

ಅಂಚೆಗೆ ಹಾಕುವವರಿಗೆ ಒಂದು ಲೆಕ್ಕ. 300 ಜಿಎಸ್‌ಎಂನ ಒಂದು ಎ4 ಹಾಳೆ ಹತ್ತಿರ ಹತ್ತಿರ 19 ಗ್ರಾಂ. ಸಾದಾ ಅಂಚೆಯ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ ಸ್ಟಾಂಪು. ಇಡೀ ಹಾಳೆ ಮಡಚಿ ಕವರಿಗೆ ಹಾಕಿದರೆ 20 ದಾಟುತ್ತದೆ. ನಾನು ತೂಗದೆ ಹಾಕಿ, ಹೊಸ ವರ್ಷದ ಶುಭಾಶಯಕ್ಕೆ ಚಿಕ್ಕಮ್ಮನೇ ಬೇರಿಂಗ್ ದುಡ್ಡು (ಸ್ಟಾಂಪು ಕಡಿಮೆ ಬಿದ್ದದ್ದಕ್ಕೆ ಕೊಡುವ ದಂಡ) ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಅರ್ಧ ಹಾಳೆಯ ಕಾರ್ಡ್ ಮಾಡಿದರೆ ಕವರ್ ಸೇರಿಸಿಯೂ 15 ಗ್ರಾಂ ಆಸುಪಾಸು. ಮಣಿ, ಮುತ್ತು ಅಂಟಿಸಬೇಡಿ, ಮೊಹರು ಹೊಡೆಯುವಾಗ ಪುಡಿಯಾಗುತ್ತವೆ.

ಅದೇ ಚಿಕ್ಕಮ್ಮ ಆ ಕಾರ್ಡನ್ನು ಕಿಟಕಿ ಪಕ್ಕ ಸಿಕ್ಕಿಸಿಟ್ಟಿದ್ದಾರೆ. ಹೋದ ತಿಂಗಳು ನೋಡಿದೆ. ಡೈ ಇಂಕಿನ ಗುಲಾಬಿ ಬಿಸಿಲಿಗೆ ಪೂರ್ತಿ ಹೋಗಿ ತಿಳಿ ಕಂದು ನೆರಳು ಉಳಿದಿದೆ. ಟ್ಯೂಬಿನ ಅಲ್ಟ್ರಾಮರೀನ್ ನೀಲಿ, ಕಪ್ಪು ದಂಟು ಎರಡೂ ಹಾಗೇ ಇವೆ. ಆಲ್ಬಮ್‌ನಲ್ಲಿಟ್ಟ ಕಾರ್ಡಿಗೆ ಏನೂ ಆಗಿಲ್ಲ. ಗೋಡೆಗೆ ಹಾಕುವಂಥದ್ದಕ್ಕೆ ಈ ಬಣ್ಣದ ಪ್ಯಾಡ್ ಬೇಡ.

ಹಾಗಾದರೆ ಕೊಳ್ಳಬೇಕಾ? ಘಟ್ಟದ ಕೆಳಗಾಗಲಿ ಮೇಲಾಗಲಿ, ಮಳೆ ಜೋರಿರುವ ಊರಿನವರು ಇಡೀ ಕಿಟ್ ತೆಗೆದುಕೊಳ್ಳಬೇಡಿ. ಸ್ಟೆನ್ಸಿಲ್ ಮತ್ತು ಕಪ್ಪು ಪ್ಯಾಡ್ ಬಿಡಿಯಾಗಿ ಕೊಳ್ಳಿ, ಉಳಿದದ್ದನ್ನು ಊರ ಅಂಗಡಿಯಲ್ಲಿ ಬೇಕಾದಷ್ಟೇ ತನ್ನಿ. ಮಕ್ಕಳಿಗೆ ಉಡುಗೊರೆ ಕೊಡಲು ಚೆನ್ನಾಗಿದೆ, ಅವರು ಮಳೆಗಾಲದವರೆಗೆ ಉಳಿಸುವುದೂ ಇಲ್ಲ. ಈಗ ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಸ್ಟೆನ್ಸಿಲ್‌ಗೇ.

ಮುಂದಿನದು ಸೀತಾಳೆ ದಂಡೆ. ಉದ್ದದ ಹೂವು, ಎರಡು ಹಾಳೆಯಾದರೂ ಬೇಕು. ಮನೆಯಲ್ಲಿದ್ದ ಫಿಲ್ಮ್ ಎಲ್ಲ ಮುಗಿದಿದೆ. ಮಾವನ ಮೊಣಕಾಲಿನದು ಒಂದು ಬಾಕಿ ಇದೆ, 1998ರದು. ಡಾಕ್ಟ್ರು ಮತ್ತೆ ಕೇಳಬಹುದು ಅಂತ ಅವರು ಕೊಡುತ್ತಿಲ್ಲ.