ಪೇಸ್‌ಮೇಕರ್ ಸ್ಪೀಡ್ ಗ್ರಾಫಿಕ್: ಮನೆಯಲ್ಲೇ ದುರಸ್ತಿಗೆ ಒಗ್ಗುವ ಹಳೆಯ ಕ್ಯಾಮೆರಾ

ದೊಡ್ಡ ಬಿಡಿ ಫಿಲ್ಮ್ ಹಾಳೆಗಳನ್ನು ಬಳಸುವ ಹಳೆಯ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾವೊಂದನ್ನು ಕೊಂಡು, ತಾವೇ ಶುಚಿಗೊಳಿಸಿ, ಮತ್ತೆ ಚಿತ್ರ ತೆಗೆಯುವ ಸ್ಥಿತಿಗೆ ತರಬೇಕೆಂದು ಬಯಸುವವರಿಗೆ 4x5 ಇಂಚಿನ ಪೇಸ್‌ಮೇಕರ್ ಸ್ಪೀಡ್ ಗ್ರಾಫಿಕ್‌ಗಿಂತ ಅನುಕೂಲವಾದ ಕ್ಯಾಮೆರಾ ನನಗೆ ಕಂಡಿಲ್ಲ. ಅಮೆರಿಕದ ರಾಚೆಸ್ಟರ್ ನಗರದ ಗ್ರಾಫ್ಲೆಕ್ಸ್ ಸಂಸ್ಥೆಯ ಸ್ಪೀಡ್ ಗ್ರಾಫಿಕ್ ಸಾಲು 1912ರಲ್ಲಿ ಆರಂಭವಾಯಿತು. ಪೇಸ್‌ಮೇಕರ್ ಮಾದರಿ ಬಂದದ್ದು 1947ರಲ್ಲಿ. ಇದೇ ಸಾಲಿನ ಹಿಂದಿನ ಕ್ಯಾಮೆರಾವೊಂದರಿಂದಲೇ ಪತ್ರಿಕಾ ಛಾಯಾಗ್ರಾಹಕ ಜೋ ರೋಸೆಂಥಾಲ್ 1945ರಲ್ಲಿ ಜಪಾನಿನ ಇವೋ ಜಿಮಾ ದ್ವೀಪದಲ್ಲಿ ಅಮೆರಿಕದ ಯೋಧರು ಮಾಡಿದ ಧ್ವಜಾರೋಹಣದ ಚಿತ್ರವನ್ನು ತೆಗೆದರು. ಪತ್ರಿಕಾ ಛಾಯಾಗ್ರಾಹಕರ ಒರಟು ಬಳಕೆಗೆಂದು ಕಟ್ಟಿದ ಯಂತ್ರವಾದ್ದರಿಂದ ಇದರ ಬಹುಪಾಲು ಭಾಗಗಳು ಸಾಮಾನ್ಯ ಸ್ಕ್ರೂಗಳಿಂದ ಬಿಗಿದುಕೊಂಡಿವೆ, ಬಿಚ್ಚಿದ ಮೇಲೆ ಅಷ್ಟೇ ಸರಾಗವಾಗಿ ಮತ್ತೆ ಕೂರುತ್ತವೆ. ಹಾಗೆಂದು ಎಲ್ಲವನ್ನೂ ಬಿಚ್ಚಬೇಕಿಲ್ಲ. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಚನೆಯೇ ಈ ಕ್ಯಾಮೆರಾದ ಪುನಶ್ಚೇತನದ ಮುಖ್ಯ ಭಾಗ.

ಕೊಳ್ಳುವ ಮುನ್ನ ನೋಡಬೇಕಾದದ್ದು ಬೆಲ್ಲೋಸ್, ಅಂದರೆ ಲೆನ್ಸಿಗೂ ಕ್ಯಾಮೆರಾದ ಒಡಲಿಗೂ ನಡುವೆ ಮಡಿಕೆ ಮಡಿಕೆಯಾಗಿ ಚಾಚುವ, ಬೆಳಕು ಬಿಡದ ಚೀಲ. ಲೆನ್ಸಿನ ಗಾಜು ಎಷ್ಟೇ ಹೊಳೆಯುತ್ತಿದ್ದರೂ ಬೆಲ್ಲೋಸಿನಲ್ಲಿ ತೂತುಗಳಿದ್ದರೆ ಫಿಲ್ಮಿನ ಮೇಲೆ ಮಸುಕು ಹರಡುತ್ತದೆ. ಅದನ್ನು ಪೂರ್ತಿ ಚಾಚಿ, ಕತ್ತಲ ಕೋಣೆಯಲ್ಲಿ ಒಳಗಿನಿಂದ ಸಣ್ಣ ಟಾರ್ಚ್ ಹಿಡಿದು, ಮಡಿಕೆಗಳ ಮೂಲೆಗಳನ್ನು ಒಂದೊಂದಾಗಿ ಗಮನಿಸಬೇಕು. ಮಡಿಕೆ ಮಡಿಕೆಯೂ ಸವೆಯುವುದು ಮೂಲೆಯಲ್ಲೇ. ಸೂಜಿಮೊನೆಯಷ್ಟು ತೂತುಗಳು ನಾಲ್ಕಾರಿದ್ದರೆ ಕಪ್ಪು ಅಕ್ರಿಲಿಕ್ ಬಣ್ಣ ಬೆರೆಸಿದ, ಒಣಗಿದ ಮೇಲೂ ಬಾಗುವ ಪುಸ್ತಕ ಕಟ್ಟುವ ಅಂಟನ್ನು ತೆಳುವಾಗಿ ಹಚ್ಚಿದರೆ ಸಾಕು. ದಪ್ಪವಾಗಿ ಬಳಿದರೆ ಮಡಿಕೆಗಳು ಒಂದರೊಳಗೊಂದು ಕೂರುವುದಿಲ್ಲ, ಕ್ಯಾಮೆರಾವನ್ನು ಮುಚ್ಚುವುದೇ ಕಷ್ಟವಾಗುತ್ತದೆ. ಮೂಲೆಮೂಲೆಯೂ ಬೆಳಕು ಸೋರುವ ಬೆಲ್ಲೋಸಿಗೆ ತೇಪೆ ಹಾಕುತ್ತಾ ಕೂರುವ ಬದಲು ಹೊಸದನ್ನು ಹಾಕಿಸುವುದೇ ಮೇಲು.

ಇನ್ನು ಲೆನ್ಸು ಮತ್ತು ಬೆಳಕನ್ನು ಕ್ಷಣಕಾಲ ಮಾತ್ರ ಒಳಬಿಡುವ ಅದರ ಶಟರ್. ಈ ಕ್ಯಾಮೆರಾದೊಡನೆ ಹಲವೊಮ್ಮೆ ಸಿಗುವ 127 ಮಿ.ಮೀ. ಎಫ್/4.7 ಕೊಡ್ಯಾಕ್ ಎಕ್ಟಾರ್ ಟೆಸ್ಸಾರ್ ಮಾದರಿಯ, ಅಂದರೆ ಮೂರು ಗುಂಪುಗಳಲ್ಲಿ ನಾಲ್ಕು ಗಾಜುಗಳಿರುವ ಲೆನ್ಸು. ಅದರ ಕ್ರಮಸಂಖ್ಯೆಯ ಮೊದಲ ಎರಡು ಅಕ್ಷರಗಳು ತಯಾರಿಕೆಯ ವರ್ಷವನ್ನು ಹೇಳುತ್ತವೆ: ಇ, ಎಸ್ ಎಂದಿದ್ದರೆ 1947, ಇ, ಐ ಎಂದಿದ್ದರೆ 1948. ಮುಂದಿನ ಮತ್ತು ಹಿಂದಿನ ಗಾಜಿನ ಭಾಗಗಳೆರಡೂ ತಿರುಪಿನಂತೆ ತಿರುಗಿಸಿದರೆ ಕಳಚಿ ಬರುತ್ತವೆ. ಮೊದಲು ಗಾಳಿಯ ಬಲ್ಬಿನಿಂದ ಧೂಳನ್ನು ಹಾರಿಸಿ, ಮೆದುವಾದ ಬ್ರಷ್ ಆಡಿಸಿ, ಆಮೇಲಷ್ಟೇ ಲೆನ್ಸ್ ಶುಚಿಗೊಳಿಸುವ ದ್ರವ ತಾಗಿಸಿದ ಟಿಶ್ಯೂವಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅದು ಅಂಚಿನಿಂದ ಒಳಗಿಳಿಯುತ್ತದೆ.

ಶಟರಿನ ಆರೋಗ್ಯವನ್ನು ಕಿವಿಯೇ ಹೇಳುತ್ತದೆ. ಒಂದು ಸೆಕೆಂಡಿಗೆ ಇಟ್ಟು ಬಿಡುಗಡೆ ಮಾಡಿದಾಗ ಒಳಗಿನ ಸಣ್ಣ ಗೇರುಗಳು ಕಿರ್ರೆಂದು ಒಂದೇ ಲಯದಲ್ಲಿ ಓಡಿ ನಿಲ್ಲಬೇಕು. ಸದ್ದು ನಡುವೆ ಎಳೆದಾಡಿದರೆ, ಇಲ್ಲವೇ ಅಲಗುಗಳು ತೆರೆದೇ ನಿಂತರೆ, ಹಳೆಯ ಎಣ್ಣೆ ಗಟ್ಟಿಯಾಗಿ ಗೇರುಗಳಿಗೆ ಅಂಟಿಕೊಂಡಿದೆ ಎಂದು ತಿಳಿಯಬೇಕು. ಗಾಜಿನ ಭಾಗಗಳನ್ನು ತೆಗೆಯದೆಯೇ ಶಟರಿನೊಳಕ್ಕೆ ಲೈಟರ್ ದ್ರವ ಹನಿಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕರಗಿದ ಎಣ್ಣೆ ಅಲ್ಲಿಂದ ಅಲಗುಗಳಿಗೂ ಗಾಜಿನ ಒಳಮೈಗೂ ಹರಡಿ ಅಲ್ಲೇ ಒಣಗುತ್ತದೆ. ಗಾಜನ್ನು ಬೇರ್ಪಡಿಸಿ, ಮುಂದಿನ ತಟ್ಟೆ ತೆಗೆದು, ಬ್ರಷ್ಷಿನ ತುದಿಯಿಂದ ಗೇರುಗಳಿಗೆ ಎಣ್ಣೆ ಕರಗಿಸುವ ನ್ಯಾಫ್ತಾ ದ್ರವವನ್ನು ಹಚ್ಚಿ, ಕೊಳೆ ಬಿಡುವವರೆಗೆ ಶಟರನ್ನು ಆಡಿಸುತ್ತಿರಬೇಕು. ನ್ಯಾಫ್ತಾ ಬೇಗ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಅಲಗುಗಳಿಗೆ ಮಾತ್ರ ಎಣ್ಣೆ ಕೂಡದು. ಅವು ಒಣಗಿದ್ದೇ ಓಡಬೇಕು.

ಗಾಜು ಕಂಡಲ್ಲೆಲ್ಲ ಒರೆಸುವ ಆಸೆಗೆ ಈ ಕ್ಯಾಮೆರಾದಲ್ಲಿ ಎರಡು ಕಡೆ ಕಡಿವಾಣ ಬೇಕು. ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಹೊಂದಿಸಲು ನೆರವಾಗುವ, ಪಕ್ಕದ ಕಾಲಾರ್ಟ್ ರೇಂಜ್‌ಫೈಂಡರಿನೊಳಗಿನ ಅರೆಪಾರದರ್ಶಕ ಕನ್ನಡಿಯ ಲೇಪ ಅತ್ಯಂತ ತೆಳು. ಹತ್ತಿಯ ಒಂದು ಸ್ಪರ್ಶಕ್ಕೇ ಅದು ಕಿತ್ತುಬರಬಹುದು, ಆಮೇಲೆ ಎರಡನೆಯ ಬಿಂಬ ಕಾಣುವುದೇ ಇಲ್ಲ. ಅಲ್ಲಿ ಗಾಳಿ ಊದಿ ಬಿಡುವುದು ಕ್ಷೇಮ. ಇನ್ನೊಂದು, ಹಿಂಬದಿಯ ಗ್ರೌಂಡ್ ಗ್ಲಾಸು, ಅಂದರೆ ಫೋಕಸ್ ನೋಡಲು ಬಿಂಬ ಮೂಡುವ ಒರಟು ಗಾಜು. ಅದನ್ನು ಸೋಪಿನ ನೀರಿನಲ್ಲಿ ನಿಶ್ಚಿಂತೆಯಿಂದ ತೊಳೆಯಬಹುದು. ಮತ್ತೆ ಕೂರಿಸುವಾಗ ಒರಟು ಮೈ ಲೆನ್ಸಿನ ಕಡೆಗಿರಬೇಕು. ಆದರೆ ಅದರ ಜೊತೆಗೆ ಬಿಂಬವನ್ನು ಅಂಚಿನವರೆಗೂ ಬೆಳಗಿಸುವ ಎಕ್ಟಾಲೈಟ್ ಎಂಬ ಪ್ಲಾಸ್ಟಿಕ್ ಫ್ರೆನೆಲ್ ಹಾಳೆಯಿದ್ದರೆ ಆಲ್ಕೋಹಾಲ್ ಸೋಕಿಸಬಾರದು, ಗೀರು ಬಿದ್ದಿದೆಯೆಂದು ತೆಗೆದೆಸೆಯಲೂಬಾರದು. ಅದು ಗಾಜಿನ ಮುಂದೆ ಕೂರುವುದರಿಂದ ಫೋಕಸ್ಸಿನ ಅಳತೆ ಅದನ್ನೂ ಸೇರಿಸಿಯೇ ನಿಗದಿಯಾಗಿದೆ. ತೆಗೆದರೆ ಗಾಜಿನ ಮೇಲೆ ಸ್ಪಷ್ಟವಾಗಿ ಕಂಡ ಚಿತ್ರ ಫಿಲ್ಮಿನ ಮೇಲೆ ಮಸುಕಾಗುತ್ತದೆ.

ಈ ಮಾದರಿಯ ವಿಶೇಷವೂ ಚಿಂತೆಯೂ ಆಗಿರುವುದು ಕ್ಯಾಮೆರಾದ ಹಿಂಭಾಗದಲ್ಲಿ, ಫಿಲ್ಮಿನ ಮುಂದೆಯೇ ಇರುವ ಎರಡನೆಯ ಶಟರ್, ಅಂದರೆ ಫೋಕಲ್ ಪ್ಲೇನ್ ಶಟರ್. ರಬ್ಬರ್ ಲೇಪಿಸಿದ ಬಟ್ಟೆಯ ಪರದೆಯೊಂದು ಸ್ಪ್ರಿಂಗ್ ಬಲದಿಂದ ಮೇಲಿನಿಂದ ಕೆಳಕ್ಕೆ ಓಡುತ್ತದೆ, ಗರಿಷ್ಠ ವೇಗ 1/1000 ಸೆಕೆಂಡ್. ಸ್ವಂತ ಶಟರ್ ಇಲ್ಲದ ಹಳೆಯ ಲೆನ್ಸುಗಳನ್ನೂ ಬಳಸಲು ಸಾಧ್ಯವಾಗುವುದು ಇದರಿಂದಲೇ. ಪರದೆ ಮೆದುವಾಗಿದ್ದು ಸರಾಗವಾಗಿ ಓಡುತ್ತಿದ್ದರೆ ಅದನ್ನು ಬಿಚ್ಚದಿರುವುದೇ ಉತ್ತಮ ಸೇವೆ. ಬಟ್ಟೆ ಬಿರುಕು ಬಿಟ್ಟಿದ್ದರೆ ಪರದೆ ಬದಲಿಸಿ ಸ್ಪ್ರಿಂಗಿನ ಬಿಗಿತವನ್ನು ಹೊಂದಿಸುವುದು ನುರಿತವರ ಕೆಲಸ. ಅಲ್ಲಿಯವರೆಗೆ ಪರದೆಯನ್ನು ತೆರೆದ ಸ್ಥಾನದಲ್ಲಿ ನಿಲ್ಲಿಸಿ, ಲೆನ್ಸಿನ ಶಟರ್ ಒಂದರಿಂದಲೇ ಚಿತ್ರ ತೆಗೆಯಬಹುದು.

ಹೊರಮೈಯ ಕೆಲಸ ಸುಲಭ. ಒದ್ದೆ ಬಟ್ಟೆಯಿಂದ ಕೊಳೆ ತೆಗೆದು ಚರ್ಮಕ್ಕೆ ಮೇಣವನ್ನು ತುಸುವೇ ಸವರಿದರಾಯಿತು. ಮುಂದಿನ ಹಳಿಗಳಲ್ಲಿ ಗಟ್ಟಿಯಾದ ಗ್ರೀಸನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿದರೆ ಫೋಕಸ್ ಗುಂಡಿ ಹಗುರಾಗಿ ತಿರುಗುತ್ತದೆ. ಸವೆದ ಮೂಲೆಗಳಿಗೆ ಬಣ್ಣ ಬಳಿದು ಹೊಸದರಂತೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅದರಿಂದ ಚಿತ್ರಕ್ಕೆ ಏನೂ ದಕ್ಕುವುದಿಲ್ಲ.

ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ದೂರದ ವಸ್ತುವೊಂದನ್ನು ಗ್ರೌಂಡ್ ಗ್ಲಾಸಿನ ಮೇಲೆ ಭೂತಗನ್ನಡಿ ಹಿಡಿದು ಸ್ಪಷ್ಟಗೊಳಿಸಿ, ಹಳಿಯ ಮೇಲಿನ ಅನಂತ ದೂರದ ತಡೆಗಳನ್ನು ಅಲ್ಲಿಗೆ ಬಿಗಿದು, ಆಮೇಲೆ ರೇಂಜ್‌ಫೈಂಡರನ್ನು ಅದಕ್ಕೆ ಹೊಂದಿಸಬೇಕು. ಈ ಕ್ರಮ ಹಿಂದುಮುಂದಾಗಬಾರದು. ಫಿಲ್ಮ್ ಹಾಳೆಗಳನ್ನು ಬೆಳಕು ತಾಗದಂತೆ ಹಿಡಿದಿಡುವ ಫಿಲ್ಮ್ ಹೋಲ್ಡರುಗಳನ್ನೂ ಮರೆಯುವಂತಿಲ್ಲ. ಅವುಗಳ ಬಾಯಿಯಲ್ಲಿ ಸೇರಿಕೊಂಡ ಧೂಳಿನ ಕಣ ಫಿಲ್ಮಿನ ಮೇಲೆ ಕುಳಿತು ಬೆಳಕನ್ನು ತಡೆಯುತ್ತದೆ, ಮುದ್ರಿಸಿದಾಗ ಅದೇ ಕಪ್ಪು ಚುಕ್ಕೆಯಾಗುತ್ತದೆ.

ಕಟ್ಟಡಗಳ ಚಿತ್ರಣಕ್ಕೆ ಈ ಕ್ಯಾಮೆರಾವನ್ನು ನಾನು ಸೂಚಿಸುವುದಿಲ್ಲ. ಲೆನ್ಸನ್ನು ಮೇಲಕ್ಕೆ, ಪಕ್ಕಕ್ಕೆ ಸರಿಸುವ ಅವಕಾಶ ಅಲ್ಪ, ಹಿಂಬದಿಗೆ ಯಾವ ಚಲನೆಯೂ ಇಲ್ಲ. ಹೊತ್ತು ನಡೆಯುವವರಿಗೆ ಇದರ ಜೊತೆಯಲ್ಲೇ ಬಂದ ಪೇಸ್‌ಮೇಕರ್ ಕ್ರೌನ್ ಗ್ರಾಫಿಕ್ ಹೆಚ್ಚು ಹೊಂದುತ್ತದೆ. ಫೋಕಲ್ ಪ್ಲೇನ್ ಶಟರ್ ಇಲ್ಲದ ಕಾರಣ ಅದು ಹಗುರ, ಹೆಚ್ಚು ಅಗಲ ನೋಟದ ಲೆನ್ಸುಗಳನ್ನೂ ಸ್ವೀಕರಿಸುತ್ತದೆ. ಮೊದಲ ಬಾರಿಗೆ ಇಂಥ ಕೆಲಸಕ್ಕೆ ಕೈಹಾಕುವವರು, ಶಟರ್ ಇಲ್ಲದ ಹಳೆಯ ಲೆನ್ಸುಗಳ ಮೋಹವಿಲ್ಲದಿದ್ದರೆ, ಕ್ರೌನ್ ಅನ್ನೇ ಹುಡುಕಲಿ.