ಡ್ಯಾಶ್ ಊಟವೋ, ಮೆಡಿಟರೇನಿಯನ್ ಊಟವೋ?

ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್). ಈ ಐದರಲ್ಲಿ ಮೂರು ಹದ ತಪ್ಪಿದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಸಕ್ಕರೆ ಕಾಯಿಲೆ, ಹೃದ್ರೋಗಕ್ಕೆ ದಾರಿ ಮಾಡುವ ತೊಂದರೆಗಳ ಗುಂಪು. ನಮ್ಮವರಿಗೆ ಸೊಂಟದ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇದಕ್ಕೆ ಯಾವ ಊಟ ಒಳ್ಳೆಯದು?

ಬಿಪಿಯೇ ದೊಡ್ಡ ತಲೆನೋವಾದರೆ ನನ್ನ ಓಟು ಡ್ಯಾಶ್‌ಗೆ. ಅಮೆರಿಕದಲ್ಲಿ ಬಿಪಿ ಇಳಿಸಲೆಂದೇ ರೂಪಿಸಿದ ಊಟದ ಕ್ರಮ ಇದು. ಹಣ್ಣು, ತರಕಾರಿ, ಕೆನೆ ತೆಗೆದ ಮೊಸರು ಜಾಸ್ತಿ. ಉಪ್ಪು ಮಾತ್ರ ದಿನಕ್ಕೆ ಹೆಚ್ಚೆಂದರೆ ಒಂದು ಟೀ ಚಮಚ. ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ! ಕಷ್ಟ ಅಲ್ವಾ? ಉಪ್ಪಿನಕಾಯಿ ಜಾಡಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದರೆ ಅರ್ಧ ಕೆಲಸ ಆದಂತೆ.

ಮೆಡಿಟರೇನಿಯನ್ ಅಂದರೆ ಆ ಹೆಸರಿನ ಸಮುದ್ರದ ಸುತ್ತಲಿನ ಗ್ರೀಸ್, ಇಟಲಿ ಕಡೆಯ ಊಟ. ಅದರಲ್ಲಿ ಆಲಿವ್ ಎಣ್ಣೆ, ಬಾದಾಮಿ, ಅಕ್ರೋಟು, ಕಾಳು, ಮೀನು. ಸ್ಪೇನ್‌ನ ಪ್ರೆಡಿಮೆಡ್ ಅಧ್ಯಯನದಲ್ಲಿ ಇದರಿಂದ ಹೊಸದಾಗಿ ಸಿಂಡ್ರೋಮ್ ಬರುವುದು ತಗ್ಗಲಿಲ್ಲ. ಆದರೆ ಆಗಲೇ ಇದ್ದವರಲ್ಲಿ ಹೆಚ್ಚು ಜನ ಅದರಿಂದ ಹೊರಬಂದರು. ಆಲಿವ್ ಎಣ್ಣೆ ದುಬಾರಿ. ಕಾಳಿನ ಉಸಲಿ, ಒಂದು ಹಿಡಿ ಕಡಲೆಬೀಜ ನಮ್ಮ ಅಡುಗೆಮನೆಯಲ್ಲೇ ಇವೆ.

ಯಾವುದೇ ಆರಿಸಿ, ತಟ್ಟೆಯಲ್ಲಿ ಅನ್ನದ ಗುಡ್ಡ ಹಾಗೇ ಇದ್ದರೆ ಎಲ್ಲ ದಂಡ. ಮೊದಲು ಪಲ್ಯ ಬಡಿಸಿಕೊಳ್ಳಿ, ಉಳಿದ ಜಾಗಕ್ಕೆ ಅನ್ನ.